ಪರದೆಯ ಹಿಂದಿನ ಚಂದ್ರಮತಿ

ಹೋದ ದಸರಾ ರಜೆಗೆ ಬಳ್ಳಾರಿಯಿಂದ ಕರೂರಿಗೆ ಬಂದ ಮೊಮ್ಮಗಳು, ಹೆಗಲ ಮೇಲಿನ ಚೀಲ ಇಳಿಸುವ ಮೊದಲೇ ಒಂದು ಪ್ರಶ್ನೆ ಇಳಿಸಿದಳು.

“ಅಜ್ಜಿ, ಬಳ್ಳಾರಿಯಲ್ಲಿ ರಾಘವ ಕಲಾಮಂದಿರ ಅಂತ ಇದೆಯಲ್ಲ, ಅದು ಮಂತ್ರಾಲಯದ ರಾಯರ ಹೆಸರಲ್ಲಿ ಕಟ್ಟಿಸಿದ್ದಾ?”

ನನಗೆ ನಗು ತಡೆಯಲಾಗಲಿಲ್ಲ. ಅವಳ ತಪ್ಪೇನೂ ಇಲ್ಲ ಬಿಡಿ. ನಮ್ಮ ಸಿರುಗುಪ್ಪ ತಾಲ್ಲೂಕಿನವರಿಗೆ ಮಂತ್ರಾಲಯ ಮಗ್ಗುಲಲ್ಲೇ ಇದೆ. ಮನೆಗೊಬ್ಬ ರಾಘವೇಂದ್ರ ಇದ್ದೇ ಇರುತ್ತಾನೆ. ರಾಘವ ಎಂದಕೂಡಲೇ ಕೈ ಮುಗಿಯುವವರೇ ಹೆಚ್ಚು.

“ಅಲ್ಲವಾ, ಅದು ಬೇರೆ ರಾಘವ. ನಾಟಕದ ರಾಘವ. ಯಾಕ, ಈಗ ಅದೆಲ್ಲಾ ಯಾಕ ನೆನಪಾತು?”

ಆಗ ಅಸಲಿ ಸಂಗತಿ ಹೊರಬಂತು. ಅವಳ ಶಾಲೆಯ ವಾರ್ಷಿಕೋತ್ಸವ ಆ ಕಲಾಮಂದಿರದಲ್ಲಿ ನಡೆಯುವುದಿತ್ತು. ಎಂಟನೇ ತರಗತಿಯವರಿಂದ ಹರಿಶ್ಚಂದ್ರ ನಾಟಕ. ಇವಳಿಗೆ ಚಂದ್ರಮತಿಯ ಪಾರ್ಟು. ಆದರೆ ಇವಳಿಗೆ ಅದು ಬೇಡ. ರಜೆ ಮುಗಿದ ದಿನವೇ ಟೀಚರಿಗೆ ಹೇಳಿ ಬಿಟ್ಟುಬಿಡುತ್ತಾಳಂತೆ.

“ಸ್ಮಶಾನದ ಸೀನಲ್ಲಿ ಜೋರಾಗಿ ಅಳಬೇಕು ಅಜ್ಜಿ. ಪ್ರಾಕ್ಟೀಸಿನಲ್ಲೇ ಹುಡುಗರೆಲ್ಲ ನಗ್ತಾರೆ. ಅಷ್ಟು ಜನರ ಮುಂದೆ ನಾನು ಬಾಯಿ ತೆಗೆಯೋದೇ ಇಲ್ಲ.”

ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ನನ್ನ ಕೈ ನಿಂತಿತು. ಹರಿಶ್ಚಂದ್ರ ನಾಟಕ, ಚಂದ್ರಮತಿಯ ಪಾರ್ಟು, ಸ್ಮಶಾನದ ಸೀನು. ಇವು ಮೂರನ್ನೂ ಒಟ್ಟಿಗೆ ಕೇಳಿ ಎಷ್ಟೋ ವರ್ಷಗಳಾಗಿದ್ದವು.

“ಕೈಕಾಲು ತೊಳಕೊಂಡು ಬಾ. ರಾತ್ರಿ ಊಟ ಆದಮ್ಯಾಗ ಎರಡು ಕತಿ ಹೇಳತೀನಿ. ಒಂದು ದೊಡ್ಡದು, ಒಂದು ಸಣ್ಣದು. ಎರಡೂ ಕೇಳಿದ ಮ್ಯಾಲೆ ಪಾರ್ಟು ಬಿಡೋದೋ ಇಟ್ಟುಕೊಳ್ಳೋದೋ ನೀನೇ ನೋಡು” ಎಂದೆ.

ಅವಳಿಗೆ ಅಂದು ಹೇಳಿದ್ದನ್ನೇ ಇಲ್ಲಿ ನಿಮಗೂ ಹೇಳುತ್ತಿದ್ದೇನೆ.

ದೊಡ್ಡ ಕತೆ ನನಗೆ ಬಂದದ್ದು ನನ್ನ ತಾತನಿಂದ. ಪ್ರಾಯದಲ್ಲಿ ಅವನು ಹೊಲದ ವ್ಯಾಜ್ಯವೊಂದರ ಸಲುವಾಗಿ ಬಳ್ಳಾರಿಯ ಕೋರ್ಟಿಗೆ ತಿರುಗುತ್ತಿದ್ದ. ಆಗ ತುಂಗಭದ್ರೆಗೆ ಅಣೆಕಟ್ಟು ಇರಲಿಲ್ಲ, ಕಾಲುವೆ ಇರಲಿಲ್ಲ. ಈಗ ಭತ್ತ ನಿಂತಿರುವ ಕಡೆಯೆಲ್ಲ ಜೋಳ, ಹತ್ತಿ. ಮಳೆ ಬಂದರೆ ಎರೆಮಣ್ಣು ಬಂಡಿಯ ಗಾಲಿಗೆ ಮೆತ್ತಿಕೊಂಡು ಎತ್ತುಗಳು ಮುಂದೆ ಹೋಗುತ್ತಿರಲಿಲ್ಲ. ನಾವು ಆಗ ಮೈಸೂರಿನವರೂ ಅಲ್ಲ. ಬಳ್ಳಾರಿ ಜಿಲ್ಲೆಯೆಲ್ಲ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. 1953ರ ಅಕ್ಟೋಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಬಂದೆವು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಅದಕ್ಕೇ ನಮ್ಮ ಕಡೆಯ ಮನೆಗಳಲ್ಲಿ ಇವತ್ತಿಗೂ ಒಂದು ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ.

ತಾತ ಹೇಳುತ್ತಿದ್ದ: “ಹಗಲು ಕರೀ ಕೋಟು ಹಾಕ್ಕೊಂಡು ಕೋರ್ಟಿನಾಗ ವಾದ ಮಾಡೋ ಮನುಷ್ಯ, ರಾತ್ರಿ ಹರಿಶ್ಚಂದ್ರ ಆಗಿ ಸುಡುಗಾಡು ಕಾಯ್ತಿದ್ದ ನೋಡವಾ. ಬಳ್ಳಾರಿ ರಾಘವ ಅಂದ್ರ ಅವನು.”

ರಾಘವರ ಪೂರ್ಣ ಹೆಸರು ತಾಡಿಪತ್ರಿ ರಾಘವಾಚಾರ್ಯ. ಹುಟ್ಟಿದ್ದು 1880ರ ಆಗಸ್ಟ್ 2ರಂದು, ಈಗ ಆಂಧ್ರದಲ್ಲಿರುವ ತಾಡಿಪತ್ರಿಯಲ್ಲಿ. ಓದಿ ಬೆಳೆದದ್ದು, ಬಾಳಿದ್ದು ಬಳ್ಳಾರಿಯಲ್ಲಿ. ಊರಿನ ಹೆಸರೇ ಅವರ ಮನೆತನದ ಹೆಸರಿನ ಜಾಗದಲ್ಲಿ ಕೂತುಬಿಟ್ಟಿತು. ಅವರ ಸೋದರಮಾವ ಧರ್ಮವರಂ ರಾಮಕೃಷ್ಣಾಚಾರ್ಯರು. ಅವರೂ ಬಳ್ಳಾರಿಯಲ್ಲಿ ವಕೀಲರು. ಸರಸ ವಿನೋದಿನಿ ಸಭಾ ಎಂಬ ನಾಟಕ ಸಂಘ ಕಟ್ಟಿ, ತಾವೇ ನಾಟಕ ಬರೆದು, ತಾವೇ ಆಡಿದವರು. ತೆಲುಗಿನವರು ಅವರನ್ನು ಆಂಧ್ರ ನಾಟಕ ಪಿತಾಮಹ ಎಂದು ಕರೆಯುತ್ತಾರೆ. ಅದೇ ಊರಿನಲ್ಲಿ ಇನ್ನೊಬ್ಬ ವಕೀಲರು ಕೋಲಾಚಲಂ ಶ್ರೀನಿವಾಸರಾಯರು. ಅವರದು ಸುಮನೋರಮಾ ಸಭಾ ಎಂಬ ಇನ್ನೊಂದು ಸಂಘ. ಹಗಲು ಕೋರ್ಟಿನಲ್ಲಿ ಎದುರಾಳಿಗಳು, ರಾತ್ರಿ ರಂಗದ ಮೇಲೂ ಎದುರಾಳಿಗಳು! ಇಬ್ಬರು ವಕೀಲರು ಸೇರಿ ಬಳ್ಳಾರಿಯನ್ನು ನಾಟಕದ ಊರು ಮಾಡಿಬಿಟ್ಟರು. ಅಂಥ ಊರಿನಲ್ಲಿ, ಅಂಥ ಮಾವನ ಕೈಕೆಳಗೆ ಬೆಳೆದ ಹುಡುಗ ಸುಮ್ಮನಿರುತ್ತಾನೆಯೇ? ಓದುವ ವಯಸ್ಸಿನಲ್ಲೇ ಶೇಕ್ಸ್‌ಪಿಯರ್ ಹೆಸರಿನಲ್ಲಿ ಒಂದು ಕ್ಲಬ್ಬು ಮಾಡಿಕೊಂಡು ಇಂಗ್ಲಿಷ್ ನಾಟಕ ಆಡತೊಡಗಿದರು.

ಮುಂದೆ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದರು. 1905ರಲ್ಲಿ ಕಾನೂನು ಮುಗಿಸಿ ಬಳ್ಳಾರಿಯಲ್ಲೇ ವಕೀಲಿ ಹಿಡಿದರು. ಹೆಸರಾಂತ ವಕೀಲರಾದರು. ಇಲ್ಲಿ ನೀವು ಒಂದು ಮಾತು ಗಮನಿಸಬೇಕು. ಅವರ ಮನೆ ನಡೆದದ್ದು ವಕೀಲಿಯ ದುಡ್ಡಿನಿಂದ. ನಾಟಕದಿಂದ ಬಂದ ದುಡ್ಡನ್ನು ಅವರು ಮನೆಗೆ ಒಯ್ಯಲಿಲ್ಲ. ಶಾಲೆಗೆ, ಸಂಘಕ್ಕೆ, ಕಷ್ಟದಲ್ಲಿದ್ದವರಿಗೆ ಸಹಾಯಾರ್ಥ ಆಡಿಕೊಟ್ಟದ್ದೇ ಹೆಚ್ಚು.

ಹರಿಶ್ಚಂದ್ರ, ಹಿರಣ್ಯಕಶಿಪು, ದುರ್ಯೋಧನ, ಚಾಣಕ್ಯ, ಕಬೀರದಾಸ, ಒಂದೇ ಎರಡೇ? ಕೋಲಾಚಲಂ ಅವರು ವಿಜಯನಗರದ ಪತನದ ಮೇಲೆ ಬರೆದ ರಾಮರಾಜನ ನಾಟಕದಲ್ಲಿ ಪಠಾಣ ರುಸ್ತುಮನ ಪಾರ್ಟು. ಹೆಚ್ಚಾಗಿ ತೆಲುಗು, ಜೊತೆಗೆ ಕನ್ನಡ, ಹಿಂದಿ, ಇಂಗ್ಲಿಷ್. ಗಾಂಧೀಜಿಯವರ ಮುಂದೆ ಕಬೀರನ ನಾಟಕ ಆಡಿದರು. 1920ರ ದಶಕದ ಕೊನೆಗೆ ಹಡಗು ಹತ್ತಿ ಯೂರೋಪಿಗೆ ಹೋದರು. ಅಲ್ಲಿನ ರಂಗಭೂಮಿ ಹೇಗಿದೆ ಎಂದು ಕಣ್ಣಾರೆ ನೋಡಿದರು. ಲಂಡನ್ನಿನಲ್ಲಿ ನಾಟಕಕಾರ ಬರ್ನಾರ್ಡ್ ಷಾ ಅವರನ್ನೂ ಕಂಡು ಬಂದರು. ಆಮೇಲೆ ಸಿನಿಮಾದಲ್ಲೂ ಪಾರ್ಟು ಮಾಡಿದರು: 1936ರಲ್ಲಿ ‘ದ್ರೌಪದಿ ಮಾನಸಂರಕ್ಷಣಂ’, 1939ರಲ್ಲಿ ‘ರೈತು ಬಿಡ್ಡ’, 1940ರಲ್ಲಿ ‘ಚಂಡಿಕಾ’. ‘ರೈತು ಬಿಡ್ಡ’ ಎಂದರೆ ರೈತನ ಮಗ. ಜಮೀನ್ದಾರರ ದಬ್ಬಾಳಿಕೆಯನ್ನು ತೋರಿಸಿದ್ದಕ್ಕೆ ಜಮೀನ್ದಾರರು ಅದರ ಮೇಲೆ ಕೆಂಡ ಕಾರಿದರು. ಆದರೆ ರಾಘವರ ಮನಸ್ಸು ಕೊನೆಯವರೆಗೂ ರಂಗದ ಮೇಲೇ ಇತ್ತು.

ಹಾಗಾದರೆ ಅವರ ಹೆಚ್ಚುಗಾರಿಕೆ ಏನು? ಪಾರ್ಟು ಮಾಡುವವರು ಆಗ ಬೇಕಾದಷ್ಟು ಜನ ಇದ್ದರಲ್ಲ? ಇದನ್ನು ತಾತ ಹೇಳಿದ ಹಾಗೆಯೇ ಹೇಳುತ್ತೇನೆ.

ಆಗಿನ ನಾಟಕಗಳಲ್ಲಿ ಮಾತಿಗಿಂತ ಹಾಡು ಹೆಚ್ಚು. ರಾಜ ಯುದ್ಧಕ್ಕೆ ಹೊರಟರೂ ಹಾಡು, ಸಾಯುವಾಗಲೂ ಹಾಡು. ಚೆನ್ನಾಗಿ ಹಾಡಿದರೆ ಜನ “ವನ್ಸ್ ಮೋರ್!” ಎಂದು ಕೂಗುತ್ತಿದ್ದರು. ಆಗ ಸತ್ತು ಬಿದ್ದವನೂ ಎದ್ದು ನಿಂತು, ಇನ್ನೊಮ್ಮೆ ಹಾಡಿ, ಮತ್ತೆ ಸಾಯಬೇಕು. ಕೆಲವರಂತೂ ಒಂದು ರಾತ್ರಿಗೆ ಮೂರು ಸಲ ಸಾಯುತ್ತಿದ್ದರಂತೆ. ರಾಘವರಿಗೆ ಇದು ಹಿಡಿಸಲಿಲ್ಲ. ಮಗ ಸತ್ತಿದ್ದಾನೆ, ತಂದೆ ರಾಗ ಎಳೆಯುತ್ತಾ ನಿಲ್ಲುತ್ತಾನೆಯೇ? ಅವರು ಹಾಡನ್ನು ಕಡಿಮೆ ಮಾಡಿದರು. ಮಾತನ್ನು ಮನುಷ್ಯರು ಆಡುವ ಹಾಗೆ ಆಡಿದರು. ಮುಖ, ಕಣ್ಣು, ಕೈ, ಒಂದು ಕ್ಷಣದ ಮೌನ ಇವುಗಳಿಂದಲೇ ಕತೆ ಹೇಳಿದರು.

“ಹೆಂಡತಿ ಮಗನ ಹೆಣ ತಂದು ಮುಂದ ಇಟ್ಟಾಳ. ಸುಡಾಕ ತೆರಿಗಿ ಕೊಡು ಅಂತ ಈತ ಕೇಳಬೇಕು. ನಾವೆಲ್ಲ ಈಗ ಪದ್ಯ ಹಾಡತಾನ, ಈಗ ಹಾಡತಾನ ಅಂತ ಕಾಯಾಕತ್ತೀವಿ. ಹಾಡಲಿಲ್ಲ. ಸುಮ್ಮನ ನಿಂತ. ಅಷ್ಟ. ನನ್ನ ಮಗ್ಗಲದಾಗ ಕುಂತಾತ ಗುರುತಿಲ್ಲದವನು, ನನ್ನ ತೋಳು ಹಿಡಕೊಂಡು ಅಳಾಕ ಹತ್ತಿದ. ನಾನೂ ಅತ್ತೆ” ಎನ್ನುತ್ತಿದ್ದ ತಾತ. ನಾಟಕ ತೆಲುಗಿನದು. ತಾತನಿಗೆ ತೆಲುಗು ಬರುತ್ತಿತ್ತು. “ಬರದಿದ್ದರೂ ತಿಳೀತಿತ್ತು ಬಿಡು” ಎಂದು ಸೇರಿಸುತ್ತಿದ್ದ.

ಇಲ್ಲಿ ಇನ್ನೊಂದು ಮಾತು. ಹರಿಶ್ಚಂದ್ರನ ಕತೆಯನ್ನು ಕನ್ನಡದಲ್ಲಿ ಕಾವ್ಯ ಮಾಡಿದ ಕವಿಯೂ ನಮ್ಮ ಕಡೆಯವನೇ, ಹಂಪಿಯ ರಾಘವಾಂಕ. ಅವನೂ ಸೋದರಮಾವನ ನೆರಳಲ್ಲಿ ಬೆಳೆದವನು. ಮಾವ ಹರಿಹರ ದೊಡ್ಡ ಕವಿ. ನೋಡಿ, ಒಂದೇ ಸೀಮೆ, ಇಬ್ಬರು ರಾಘವರು, ಇಬ್ಬರು ಸೋದರಮಾವಂದಿರು, ಒಬ್ಬನೇ ಹರಿಶ್ಚಂದ್ರ. ಗಾಂಧೀಜಿ ಕೂಡ ಹುಡುಗನಾಗಿದ್ದಾಗ ಹರಿಶ್ಚಂದ್ರ ನಾಟಕ ನೋಡಿ, ಎಲ್ಲರೂ ಅವನಂತೆ ಯಾಕೆ ಸತ್ಯವಂತರಾಗಬಾರದು ಎಂದು ಯೋಚಿಸುತ್ತಿದ್ದರಂತೆ.

ತಾತ ಆ ರಾತ್ರಿ ನೋಡಿದ ಚಂದ್ರಮತಿ ಒಬ್ಬ ಗಂಡಸು. ಅದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮ ಊರಿನ ಬಯಲಾಟದಲ್ಲೂ ಮೀಸೆ ಬೋಳಿಸಿಕೊಂಡ ಗಂಡಸೇ ದ್ರೌಪದಿ. ನಮ್ಮಲ್ಲಿ ಮಾತ್ರ ಹೀಗೆ ಎಂದುಕೊಳ್ಳಬೇಡಿ. ಶೇಕ್ಸ್‌ಪಿಯರನ ಕಾಲದ ಇಂಗ್ಲೆಂಡಿನಲ್ಲೂ ಹೆಣ್ಣಿನ ಪಾರ್ಟುಗಳನ್ನೆಲ್ಲ ದನಿ ಒಡೆಯದ ಹುಡುಗರೇ ಮಾಡುತ್ತಿದ್ದರು. ಅಲ್ಲಿನ ವೃತ್ತಿರಂಗಕ್ಕೆ ಹೆಂಗಸರು ಬಂದದ್ದು 1660ರಲ್ಲಿ, ಅವನು ಸತ್ತು ನಲವತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ.

ಹೆಣ್ಣಿನ ಪಾರ್ಟನ್ನು ಹೆಣ್ಣೇ ಮಾಡಬೇಕು ಎಂದು ಹಟ ಹಿಡಿದವರಲ್ಲಿ ರಾಘವರು ಮುಂಚೂಣಿಯವರು. ಆಗ ರಂಗದ ಮೇಲೆ ಹತ್ತಿದ ಹೆಂಗಸರಿಗೆ ಒಳ್ಳೆಯ ಹೆಸರು ಇರುತ್ತಿರಲಿಲ್ಲ. ರಾಘವರು ಓದಿದ ಮನೆತನದ ಹೆಣ್ಣುಮಕ್ಕಳನ್ನು ಒಪ್ಪಿಸಿ ಕರೆತಂದರು. ಕೊಮ್ಮೂರಿ ಪದ್ಮಾವತಿದೇವಿ ಅವರೊಡನೆ ಪಾರ್ಟು ಮಾಡಿದವರಲ್ಲಿ ಒಬ್ಬರು. ಕನ್ನಡದಲ್ಲಿ ಗುಬ್ಬಿ ವೀರಣ್ಣನವರ ಕಂಪನಿಯಲ್ಲೂ ಬಿ. ಜಯಮ್ಮನಂಥ ದೊಡ್ಡ ನಟಿಯರು ಬಂದರು. ಈಗ ಇದು ಸಣ್ಣ ಮಾತು ಅನ್ನಿಸಬಹುದು. ಆಗ ಎಷ್ಟು ದೊಡ್ಡದು ಎನ್ನುವುದಕ್ಕೆ ನನ್ನ ಸಣ್ಣ ಕತೆಯೇ ಸಾಕ್ಷಿ.

ಅದು 1968. ರಾಘವರು ತೀರಿಹೋಗಿ ಇಪ್ಪತ್ತೆರಡು ವರ್ಷಗಳಾಗಿದ್ದವು. ನಾನು ಏಳನೇ ತರಗತಿ. ಶಾಲೆಯ ಗ್ಯಾದರಿಂಗಿಗೆ ಹರಿಶ್ಚಂದ್ರ ನಾಟಕ ಎಂದು ಮೇಷ್ಟ್ರು ಹೇಳಿದರು. ಯಾರ ಬಾಯಲ್ಲಿ ಮಾತು ಸ್ಪಷ್ಟ ಎಂದು ನೋಡಲು ಒಬ್ಬೊಬ್ಬರನ್ನೇ ನಿಲ್ಲಿಸಿ ಓದಿಸಿದರು. ನಾನು ಓದಿದೆ. ಮೇಷ್ಟ್ರು ಕನ್ನಡಕ ತೆಗೆದು, “ಚಂದ್ರಮತಿ ನೀನೇ” ಎಂದರು. ಅಂದು ಶಾಲೆಯಿಂದ ಮನೆಗೆ ನಾನು ನಡೆದು ಬಂದ ನೆನಪಿಲ್ಲ, ಹಾರಿ ಬಂದ ನೆನಪಿದೆ. ನಾಲ್ಕೇ ದಿನದಲ್ಲಿ ನನ್ನ ಮಾತಷ್ಟೇ ಅಲ್ಲ, ಹರಿಶ್ಚಂದ್ರನ ಮಾತು, ವಿಶ್ವಾಮಿತ್ರನ ಮಾತು ಎಲ್ಲ ಬಾಯಿಪಾಠ. ಒಲೆಯ ಮುಂದೆ ಕೂತು ರೊಟ್ಟಿ ಬೇಯಿಸುವಾಗಲೂ ಅವ್ವನಿಗೆ ವಿಶ್ವಾಮಿತ್ರನ ಶಾಪ.

ಐದನೇ ದಿನ ಅಪ್ಪನ ಕಿವಿಗೆ ಬಿತ್ತು.

“ಬ್ಯಾಡ” ಎಂದ. ಅಷ್ಟೇ.

ಅಪ್ಪ ಕೆಟ್ಟವನಲ್ಲ. ನನ್ನ ಮೇಲೆ ಕೈ ಎತ್ತಿದವನಲ್ಲ. ಹೆಣ್ಣುಮಕ್ಕಳು ಯಾಕೆ ಓದಬೇಕು ಎಂದು ಓಣಿಯವರು ಕೇಳಿದಾಗ, “ಓದಲಿ” ಎಂದು ಶಾಲೆಗೆ ಕಳಿಸಿದವನು. ಆದರೆ ಊರಿನ ನಾಟಕಕ್ಕೆ ಹೊರಗಿನಿಂದ ಕರೆಸುತ್ತಿದ್ದ ಹೆಣ್ಣುಮಕ್ಕಳ ಬಗ್ಗೆ ಕಟ್ಟೆಯ ಮೇಲೆ ಕೂತ ಗಂಡಸರು ಆಡುವ ಮಾತು ಅವನಿಗೆ ಗೊತ್ತಿತ್ತು. ರಾತ್ರಿ ಚಪ್ಪಾಳೆ ಹೊಡೆದ ಬಾಯಲ್ಲೇ ಬೆಳಿಗ್ಗೆ ಬೇರೆ ಮಾತು. ಆ ಮಾತು ತನ್ನ ಮಗಳ ಮೇಲೆ ಬೀಳಬಾರದು ಎಂಬ ಹೆದರಿಕೆ.

ತಾತ ನನ್ನ ಪರ ನಿಂತ. “ರಾಘವ ಏನು ಕೀಳು ಮನುಷ್ಯನೇನಲೇ? ವಕೀಲ. ಬಣ್ಣ ಹಚ್ಚಿದರ ಅವನ ಮರ್ಯಾದಿ ಹೋತೇನು?”

ಅಪ್ಪ ತಗ್ಗಿದ ದನಿಯಲ್ಲೇ ಕೇಳಿದ: “ಅವರು ಗಂಡಸರು ಯಪ್ಪಾ. ಅವರಿಗೆ ನಡೀತೈತಿ. ಊರಿನ ಬಾಯಿ ನೀನು ಮುಚ್ಚತೀಯೇನು? ನಾಳೆ ಈಕೀನ ಕೇಳಾಕ ಬಂದವರು ಏನಂತಾರ?”

ತಾತ ಬಾಯಿ ತೆರೆದ, ಮತ್ತೆ ಮುಚ್ಚಿದ. ಉತ್ತರ ಸಿಗಲಿಲ್ಲ. ಆ ರಾತ್ರಿ ನಾನು ಅಳುತ್ತಾ ಮಲಗಿದಾಗ ಹೊರಸಿನ ಹತ್ತಿರ ಬಂದು ಕೂತು ಹೇಳಿದ: “ಬಳ್ಳಾರಿಯಾಗ ಕುಂತು ಚಪ್ಪಾಳಿ ಹೊಡೆಯೋದು ಸುಲಭ ಇತ್ತವಾ. ಮನ್ಯಾಗ ಹೇಳೋದು ಕಷ್ಟ ಐತಿ. ರಾಘವ ಎಷ್ಟು ಮಂದಿ ಅಪ್ಪಂದಿರ ಮನಿ ಬಾಗಲಿಗೆ ಹೋಗಿ ನಿಂತಿದ್ದನೋ ಏನೋ, ನನಗೀಗ ತಿಳೀತು.”

ಚಂದ್ರಮತಿಯ ಪಾರ್ಟು ನಮ್ಮ ತರಗತಿಯ ಒಬ್ಬ ಹುಡುಗನಿಗೆ ಹೋಯಿತು. ಪಾಪದ ಹುಡುಗ. ಅವನಿಗೂ ಅದು ಬೇಡವಾಗಿತ್ತು. ಮಾತು ಬಾಯಿಗೆ ಬರುತ್ತಿರಲಿಲ್ಲ. ಮೇಷ್ಟ್ರು ನನ್ನನ್ನೇ ಕರೆದು, “ನಿನಗೆ ಎಲ್ಲ ಬರುತ್ತಲ್ಲ, ಇವನಿಗೆ ಹೇಳಿಕೊಡು” ಎಂದರು. ನನ್ನ ಪಾರ್ಟನ್ನು ಕಸಿದುಕೊಂಡವನಿಗೆ ನಾನೇ ಪಾಠ ಹೇಳಬೇಕು! ಮೊದಲೆರಡು ದಿನ ಸಿಟ್ಟಿನಿಂದಲೇ ಹೇಳಿದೆ. ಮೂರನೇ ದಿನ ಅವನು, “ನೀನೇ ಮಾಡಬೇಕಿತ್ತು. ನನಗ ಅಳಾಕ ಬರೋದಿಲ್ಲ” ಎಂದ. ಅಲ್ಲಿಗೆ ಸಿಟ್ಟು ಇಳಿಯಿತು.

ಗ್ಯಾದರಿಂಗಿನ ದಿನ. ಶಾಲೆಯ ಮುಂದಿನ ಬಯಲಿನಲ್ಲಿ ಬಂಡಿಗಳನ್ನು ಜೋಡಿಸಿ ಹಲಗೆ ಹಾಸಿ ರಂಗ ಕಟ್ಟಿದರು. ಮನೆಮನೆಯ ಜಮಖಾನೆ, ಸೀರೆಗಳೇ ಪರದೆ. ನಾಲ್ಕು ಗ್ಯಾಸ್‌ಲೈಟು. ಒಂದು ಹಾರ್ಮೋನಿಯಂ, ಒಂದು ತಬಲ. ಚಂದ್ರಮತಿಗೆ ನಮ್ಮ ಅವ್ವನದೇ ಹಸಿರು ಸೀರೆ. ಅವ್ವ ಅಪ್ಪನಿಗೆ ತಿಳಿಯದ ಹಾಗೆ ಕಳಿಸಿದ್ದಳು. ಬೆಳಗಿನಿಂದ ಕೂಗಿ ಕೂಗಿ ಅಳುವುದನ್ನು ಅಭ್ಯಾಸ ಮಾಡಿದ ಹುಡುಗನ ಗಂಟಲು ಸಂಜೆಯ ಹೊತ್ತಿಗೆ ಕಟ್ಟಿಹೋಗಿತ್ತು. ಮೇಷ್ಟ್ರು ನನ್ನ ಕೈಗೆ ನಾಟಕದ ಪುಸ್ತಕ ಕೊಟ್ಟು ಪರದೆಯ ಮಗ್ಗುಲಲ್ಲಿ ಕೂರಿಸಿದರು. “ಮರೆತರೆ ಮಾತು ಎತ್ತಿಕೊಡು” ಎಂದರು. ಪುಸ್ತಕ ನನಗೆ ಬೇಕಿರಲಿಲ್ಲ.

ಹೇಗೋ ಏನೋ ಸ್ಮಶಾನದ ಸೀನಿನವರೆಗೆ ಬಂದೆವು. ಲೋಹಿತಾಶ್ವನಾಗಿದ್ದ ಮೂರನೇ ತರಗತಿಯ ಹುಡುಗ ಹೆಣವಾಗಿ ಮಲಗಿದವನು ನಿಜವಾಗಿಯೂ ನಿದ್ದೆ ಹೋಗಿದ್ದ. ಹರಿಶ್ಚಂದ್ರ ತೆರಿಗೆ ಕೇಳಿದ. ಚಂದ್ರಮತಿ ಬಾಯಿ ತೆರೆದಳು. ಗಾಳಿ ಬಂತು, ದನಿ ಬರಲಿಲ್ಲ. ನಾನು ಮೆಲ್ಲಗೆ ಮಾತು ಎತ್ತಿಕೊಟ್ಟೆ. ಅವನು ಮತ್ತೆ ಬಾಯಿ ತೆರೆದ. ಮತ್ತೆ ಗಾಳಿ. ಜನರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ಹುಡುಗ ತಲೆ ತಿರುಗಿಸಿ ಪರದೆಯ ಸಂದಿನಿಂದ ನನ್ನನ್ನು ನೋಡಿದ. ಕೊರಳಿಗೆ ಹಗ್ಗ ಸಿಕ್ಕಿಕೊಂಡ ಕರುವಿನ ಕಣ್ಣು.

ಆಮೇಲೆ ಏನಾಯಿತು ಎಂದು ನಾನು ಯೋಚಿಸಿ ಮಾಡಿದ್ದಲ್ಲ. ನಾನೇ ಗಟ್ಟಿಯಾಗಿ ಆ ಮಾತು ಆಡಿದೆ. ಅವನು ಕೂಡಲೇ ಕೈ ಚಾಚಿ, ಮಗನ ಮೇಲೆ ಬಿದ್ದು, ಬಾಯಿ ಆಡಿಸಿದ. ಮುಂದಿನ ಮಾತೂ ನಾನೇ. ಅದರ ಮುಂದಿನದೂ ನಾನೇ. ಮೈ ಅವನದು, ದನಿ ನನ್ನದು. ತಾತ ಹೇಳಿದ ರಾಘವರು ನೆನಪಾದರು. ಒಂದು ಕಡೆ ಹಾಡು ಇತ್ತು, ನಾನು ಹಾಡಲಿಲ್ಲ. ಸುಮ್ಮನಾದೆ. ಹಾರ್ಮೋನಿಯಂ ಬಾರಿಸುವವರು ಶ್ರುತಿ ಹಿಡಿದು ಕಾದರು. ಇಡೀ ಬಯಲು ಸುಮ್ಮನಾಯಿತು. ಗ್ಯಾಸ್‌ಲೈಟಿನ ಸುಂಯ್ ಎನ್ನುವ ಸದ್ದು ಮಾತ್ರ. ಆಮೇಲೆ ನಾನು ಅತ್ತೆ. ಆ ಅಳು ಚಂದ್ರಮತಿಯದೋ, ಪಾರ್ಟು ಕಳೆದುಕೊಂಡ ಹುಡುಗಿಯದೋ ನನಗೆ ಇಂದಿಗೂ ಗೊತ್ತಿಲ್ಲ. ಹೆಂಗಸರ ಕಡೆಯಿಂದ ಮೂಗು ಸೀನುವ ಸದ್ದು ಕೇಳಿತು.

ಜನಕ್ಕೆ ತಿಳಿಯಿತೋ ಇಲ್ಲವೋ ಕಾಣೆ. ಆದರೆ ಮುಂದಿನ ಸಾಲಿನಲ್ಲಿ ಕೂತಿದ್ದ ಅಪ್ಪನಿಗೆ ತನ್ನ ಮಗಳ ದನಿ ತಿಳಿಯದೇ ಇರುತ್ತದೆಯೇ? ಪರದೆಯ ಸಂದಿನಿಂದ ನೋಡಿದೆ. ಅಪ್ಪ ತಲೆ ತಗ್ಗಿಸಿ ಕೂತಿದ್ದ. ಸಿಟ್ಟೋ, ನಾಚಿಕೆಯೋ, ಇನ್ನೇನೋ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಯಾರೂ ಮಾತಾಡಲಿಲ್ಲ. ತಾತ ಸುಮ್ಮನೆ ನನ್ನ ಕೈ ಹಿಡಿದಿದ್ದ. ಹೊಡೆತ ಬೀಳುತ್ತದೆ ಎಂದೇ ನಾನು ತಿಳಿದಿದ್ದೆ. ಅಪ್ಪ ಒಳಗೆ ಬಂದು, ಪಟಕ ತೆಗೆದು ಗೂಟಕ್ಕೆ ಸಿಕ್ಕಿಸಿ, ಅವ್ವನಿಗೆ ಹೇಳಿದ:

“ಆಕೀಗೆ ಹಾಲಿನಾಗ ಒಂದಿಷ್ಟು ಮೆಣಸು ಬೆಲ್ಲ ಹಾಕಿ ಕಾಸಿಕೊಡು. ಗಂಟಲಿಗೆ ಒಳ್ಳೇದು.”

ಅಪ್ಪ ಆ ವಿಷಯದ ಬಗ್ಗೆ ಜೀವಮಾನದಲ್ಲಿ ಆಡಿದ್ದು ಅದೊಂದೇ ಮಾತು.

“ಆಮೇಲೆ ನೀನು ನಾಟಕ ಮಾಡಿದ್ಯಾ ಅಜ್ಜಿ?” ಮೊಮ್ಮಗಳು ಎದ್ದು ಕೂತಿದ್ದಳು.

“ಇಲ್ಲವಾ.”

“ಯಾಕೆ? ತಾತ ಬೈಲಿಲ್ಲವಲ್ಲ?”

ಬೈಯಲಿಲ್ಲ, ನಿಜ. ಆದರೆ ಮಾಡು ಎಂದೂ ಹೇಳಲಿಲ್ಲ. ಮೆಣಸಿನ ಹಾಲು ಪ್ರೀತಿ, ಒಪ್ಪಿಗೆ ಅಲ್ಲ. ನಾನೂ ಕೇಳಲಿಲ್ಲ. ಏಳನೇ ತರಗತಿ ಮುಗಿಯಿತು, ಕೆಲವು ವರ್ಷಕ್ಕೆ ಮದುವೆಯಾಯಿತು, ಹೊಲ ಮನೆ ಮಕ್ಕಳು. ಆಗ ಕೇಳಿದ್ದರೆ ಏನಾಗುತ್ತಿತ್ತೋ ಎಂದು ಒಮ್ಮೊಮ್ಮೆ ಅನಿಸುತ್ತದೆ. ನಮ್ಮ ಬಳ್ಳಾರಿಯ ಸುಭದ್ರಮ್ಮ ಮನ್ಸೂರು ಜೀವನವಿಡೀ ರಂಗದ ಮೇಲೇ ಬಾಳಿ, ಹಾಡಿ, ನಾಡೇ ಮೆಚ್ಚುವಂತೆ ಪಾರ್ಟು ಮಾಡಿದರು. 2020ರಲ್ಲಿ ಅವರು ತೀರಿಹೋದ ಸುದ್ದಿ ಪೇಪರಿನಲ್ಲಿ ಓದಿದ ದಿನ ನಾನು ಒಬ್ಬಳೇ ಕೂತು ಬಹಳ ಹೊತ್ತು ಯೋಚಿಸಿದೆ. ಆ ಕಾಲದಲ್ಲಿ ಅವರು ಎಷ್ಟು ಕಟ್ಟೆಗಳ ಮುಂದೆ ತಲೆ ಎತ್ತಿ ನಡೆದಿರಬೇಕು!

ಮೊಮ್ಮಗಳು ಕೇಳಿದಳು: “ರಾಘವರು ಎಷ್ಟು ವರ್ಷ ಇದ್ದರು?”

“1946ರ ಏಪ್ರಿಲ್ 16ರಂದು ತೀರಿಹೋದರು. ಅರವತ್ತಾರು ತುಂಬಿರಲಿಲ್ಲ. ಸ್ವಾತಂತ್ರ್ಯವನ್ನೂ ನೋಡಲಿಲ್ಲ, ಬಳ್ಳಾರಿ ಕರ್ನಾಟಕಕ್ಕೆ ಬಂದದ್ದನ್ನೂ ನೋಡಲಿಲ್ಲ. ಆದರೆ ಅವರು ಹಚ್ಚಿದ ದೀಪ ಆರಲಿಲ್ಲ. ಬಳ್ಳಾರಿ ಹತ್ತಿರದ ಜೋಳದರಾಶಿಯ ದೊಡ್ಡನಗೌಡರು ಅವರ ಒಡನಾಡಿ. ಅವರು ರೈತರು, ಗಮಕಿಗಳು, ಕವಿಗಳು. 1994ರವರೆಗೂ ಬದುಕಿದ್ದು ಕನ್ನಡ ನಾಟಕಕ್ಕೆ ದುಡಿದರು. ಸರ್ಕಾರ ರಾಘವರ ಚಿತ್ರದ ಅಂಚೆ ಚೀಟಿ ತಂದಿತು. ನೀನು ಪಾರ್ಟು ಬಿಡಬೇಕು ಅಂತಿರೋ ಆ ಕಲಾಮಂದಿರಕ್ಕೂ ಅವರದೇ ಹೆಸರು.”

ಅವಳು ಏನೂ ಹೇಳಲಿಲ್ಲ. ಕೌದಿ ಎಳೆದುಕೊಂಡು ಮಲಗಿದಳು. ದೀಪ ಆರಿಸಿದ ಮೇಲೆ ಕತ್ತಲಲ್ಲಿ ಕೇಳಿದಳು:

“ಅಜ್ಜಿ, ಸುಮ್ಮನೆ ನಿಂತ್ಕೋಬೇಕು ಅಂದ್ಯಲ್ಲ, ಎಷ್ಟು ಹೊತ್ತು?”

“ಅದು ನಿನಗ ತಿಳೀತೈತಿ. ಜನ ನಗೋದು ನಿಲ್ಲಿಸೋತನಕ.”

ಉಳಿದ ರಜೆಯಷ್ಟೂ ನಮ್ಮ ಅಂಗಳವೇ ಕಾಶಿಯ ಸ್ಮಶಾನ. ಬೀಸುವ ಕಲ್ಲೇ ಲೋಹಿತಾಶ್ವ. ನಾನು ಹರಿಶ್ಚಂದ್ರ. ಪಕ್ಕದ ಮನೆಯವರು ಎರಡು ಸಲ ಏನಾಯಿತೋ ಎಂದು ಓಡಿಬಂದರು. ಹಳೆಯ ಚಂದ್ರಮತಿಯೂ ಬಂದ. ಅದೇ, ನನ್ನ ತರಗತಿಯ ಹುಡುಗ. ಈಗ ಅವನಿಗೆ ಮರಿಮೊಮ್ಮಕ್ಕಳು. ಎದುರಿಗೆ ಸಿಕ್ಕಾಗಲೆಲ್ಲ, “ಏನವಾ, ನನ್ನ ದನಿ ಆರಾಮ ಐತೇನು?” ಎಂದು ಕೇಳುವುದು ಅವನ ರೂಢಿ. ಕಟ್ಟೆಯ ಮೇಲೆ ಕೂತು, ಕೋಲು ಮುಂದಿಟ್ಟುಕೊಂಡು, ಹೆಣದ ಮೇಲೆ ಬೀಳುವುದು ಹೇಗೆ ಎಂದು ಇವಳಿಗೆ ಹೇಳಿಕೊಟ್ಟ. “ಮೊಣಕಾಲು ಮೊದಲು ಊರು. ಇಲ್ಲಾಂದ್ರ ಹೆಣಕ್ಕ ಪೆಟ್ಟು ಬೀಳತೈತಿ” ಎಂದ.

ವಾರ್ಷಿಕೋತ್ಸವಕ್ಕೆ ನಾನು ಬಳ್ಳಾರಿಗೆ ಹೋದೆ. ಅಷ್ಟು ವರ್ಷ ಆ ಹೆಸರು ಹೇಳುತ್ತಾ ಬಂದವಳು ಕಲಾಮಂದಿರದ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಸ್ಮಶಾನದ ಸೀನು ಬಂತು. ಹಿಂದಿನ ಸಾಲಿನಲ್ಲಿ ಹುಡುಗರು ಮೊದಲೇ ನಗಲು ಸಿದ್ಧವಾಗಿದ್ದರು, ನಕ್ಕರೂ ಸಹ. ಮೊಮ್ಮಗಳು ಅಳಲಿಲ್ಲ. ಸುಮ್ಮನೆ ನಿಂತಳು. ನಾನು ಮನಸ್ಸಿನಲ್ಲೇ ಎಣಿಸಿದೆ: ಒಂದು, ಎರಡು, ಮೂರು, ನಾಲ್ಕು. ನಗು ಒಬ್ಬೊಬ್ಬರ ಬಾಯಲ್ಲೇ ಸತ್ತಿತು. ಆಮೇಲೆ ಅವಳು ಬಾಯಿ ತೆರೆದಳು.

ಈ ಸಲ ಮೈಯೂ ಅವಳದೇ, ದನಿಯೂ ಅವಳದೇ.

ನಾಟಕ ಮುಗಿದು, ಮುಖದ ಬಣ್ಣ ಅರ್ಧ ಒರೆಸಿಕೊಂಡು ಓಡಿಬಂದಳು. “ಅಜ್ಜಿ, ಕೊನೇ ಸಾಲಿನವರೆಗೂ ಕೇಳಿಸ್ತಾ?”

“ಕೇಳಿಸ್ತವಾ. ಅಲ್ಲೇ ಕುಂತಿದ್ದೆ.”

ಚೀಲದಿಂದ ಫ್ಲಾಸ್ಕು ತೆಗೆದು ಮುಚ್ಚಳದ ತುಂಬ ಹಾಲು ಸುರಿದು ಅವಳ ಕೈಗೆ ಕೊಟ್ಟೆ. ಒಂದು ಗುಟುಕು ಕುಡಿದು ಮುಖ ಕಿವಿಚಿದಳು.

“ಅಯ್ಯೋ, ಖಾರ!”

“ಮೆಣಸು ಹಾಕೀನಿ. ಕುಡಿ, ಗಂಟಲಿಗೆ ಒಳ್ಳೇದು” ಎಂದೆ.